ತಿಳಿಸ್ತೇವೆ ಅಂದವರು ಯಾಕೆ ತಿಳಿಸುವುದಿಲ್ಲ?

ಕಳೆದ ವರ್ಷ ನಾನು ಕೆಲಸ ಮಾಡುವ ಆಫೀಸಿನಲ್ಲಿ ಅಕೌಂಟ್ಸ್ ಅಸಿಸ್ಟೆಂಟ್ ಕೆಲಸಕ್ಕೆ ಇಂಟರ್ವ್ಯೂ ಇತ್ತು. ವಿಟ್ಲ ಕಡೆಯ ಒಬ್ಬ ಹುಡುಗ ಬಂದಿದ್ದ. ಬಿ.ಕಾಂ. ಆಗಿತ್ತು, ಊರಲ್ಲಿ ಆಡಿಟರೊಬ್ಬರ ಹತ್ತಿರ 2 ವರ್ಷ ಕೆಲಸ ಮಾಡಿದ್ದ, ಟ್ಯಾಲಿ ಚೆನ್ನಾಗಿ ಗೊತ್ತಿತ್ತು. ಅವನನ್ನು ಕರೆದದ್ದು 11 ಗಂಟೆಗೆ. 10.15ಕ್ಕೇ ಬಂದು ರಿಸೆಪ್ಷನ್‌ನಲ್ಲಿ ಕೂತಿದ್ದ. ಒಳಗೆ ಕರೆದದ್ದು 2.20ಕ್ಕೆ. ಮಧ್ಯೆ ಮ್ಯಾನೇಜರ್‌ಗೆ ಒಂದು ಫೋನ್ ಬಂತು, ಆಮೇಲೆ ಒಂದು ಮೀಟಿಂಗ್, ಆಮೇಲೆ ನಮ್ಮ ನಮಾಝ್, ಆಮೇಲೆ ನಮ್ಮ ಊಟ. ಆ ಹುಡುಗ ಮಾತ್ರ ಎದ್ದಿರಲಿಲ್ಲ. ಹೊರಗೆ ಹೋದಾಗಲೇ ಹೆಸರು ಕರೆದರೆ ಎಂತ ಮಾಡುವುದು ಎಂಬ ಹೆದರಿಕೆ. ಇಂಟರ್ವ್ಯೂ 7 ನಿಮಿಷದಲ್ಲಿ ಮುಗಿಯಿತು. "ತಿಳಿಸ್ತೇವೆ" ಅಂದೆವು. ನಿಜ ಹೇಳಬೇಕಾದರೆ, ಆ ಮಾತು ಅಂದವನು ನಾನೇ.

ಆ ಕೆಲಸ 2 ದಿನ ಮೊದಲೇ ಬೇರೊಬ್ಬರ ಪಾಲಾಗಿತ್ತು. ಫೈಲಿನಲ್ಲಿ ನಾಲ್ಕು ಹೆಸರು ಇರಬೇಕು ಎಂಬ ಕಾರಣಕ್ಕೆ ಇವನನ್ನು ಕರೆಸಿದ್ದೆವು. ನನಗೆ ಅದು ಗೊತ್ತಿತ್ತು.

ಮೂರು ವಾರ ಕಳೆದು, ಜುಮಾ ಮುಗಿಸಿ ಹೊರಗೆ ಚಪ್ಪಲಿ ಹುಡುಕುತ್ತಿದ್ದಾಗ ಅದೇ ಹುಡುಗ ಎದುರಾದ. ಸಲಾಂ ಹೇಳಿ ತುಂಬಾ ಮೆಲ್ಲಗೆ ಕೇಳಿದ: "ಸರ್, ಆ ಕೆಲಸದ ವಿಷಯ ಎಂತಾಯ್ತು?" ನಾನು ಸತ್ಯ ಹೇಳಿದೆ. ಅವನು ಸಿಟ್ಟು ಮಾಡಲಿಲ್ಲ. "ಪರವಾಗಿಲ್ಲ ಸರ್. ಅಜ್ಮಾನಿನ ಒಂದು ಅಂಗಡಿಯಿಂದ ಕ್ಯಾಶಿಯರ್ ಕೆಲಸಕ್ಕೆ ಕರೆದಿದ್ರು. ನಿಮ್ಮದು ಆಗಬಹುದು ಅಂತ ಅವರಿಗೆ ಒಂದು ವಾರ ಟೈಮ್ ಕೇಳಿದ್ದೆ. ಅವರು ಬೇರೆಯವರನ್ನು ತೆಗೊಂಡ್ರು" ಅಂದ. ಅವನ ವಿಸಿಟ್ ವೀಸಾದಲ್ಲಿ ಆಗ 4 ದಿನ ಬಾಕಿ ಇತ್ತು. ಅವನು ಊರಿಗೆ ಹೋದ.

ಆ ದಿನದಿಂದ ಈ ಲೇಖನ ನನ್ನ ತಲೆಯಲ್ಲಿ ಉಂಟು. ಓದಿ ಕೆಲವರಿಗೆ ಸಿಟ್ಟು ಬರಬಹುದು, ಬರಲಿ.

ಮೇಜಿನ ಆ ಕಡೆ ಈಗ ಯಾರಿದ್ದಾರೆ?

ಗಲ್ಫಿನ ಕಷ್ಟದ ಬಗ್ಗೆ ನಾವು ಮಾತಾಡುವಾಗ ಬೈಯಲಿಕ್ಕೆ ನಮಗೆ ಇಬ್ಬರು ರೆಡಿ ಇರುತ್ತಾರೆ. ಒಬ್ಬ ಅರಬಿ, ಇನ್ನೊಬ್ಬ ಏಜೆಂಟ್. ಆದರೆ ಯುಎಇಯಲ್ಲಿ ಇವತ್ತು ನಮ್ಮ ಹುಡುಗ ಇಂಟರ್ವ್ಯೂಗೆ ಹೋದರೆ ಮೇಜಿನ ಆ ಕಡೆ ಎಷ್ಟೋ ಸಲ ಕೂತಿರುವವರು ನಮ್ಮವರೇ. ಸೂಪರ್‌ಮಾರ್ಕೆಟ್ ನಮ್ಮವರದ್ದು, ಟ್ರೇಡಿಂಗ್ ಕಂಪೆನಿ ನಮ್ಮವರದ್ದು. ಬೇರೆಯವರ ಕಂಪೆನಿ ಆದರೆ ಅದರಲ್ಲಿ ಅಕೌಂಟ್ಸ್ ಮ್ಯಾನೇಜರ್, ಎಚ್‌ಆರ್, ಸ್ಟೋರ್ ಇನ್‌ಚಾರ್ಜ್ ನಮ್ಮವರು. ಉಳ್ಳಾಲ, ಬಂಟ್ವಾಳ, ಪುತ್ತೂರು, ಕಾಪುವಿನಿಂದ ಬಂದು, ಬೆಡ್ ಸ್ಪೇಸಿನಲ್ಲಿ ಮೇಲಿನ ಮಂಚದಲ್ಲಿ ಮಲಗಿ, ಬೆಳೆದವರು. ಅಲ್ಹಮ್ದುಲಿಲ್ಲಾಹ್, ಇದು ಸಂತೋಷದ ವಿಷಯ. ಆದರೆ ನಾವು ಆ ಕುರ್ಚಿಗೆ ಹೋದ ಮೇಲೆ ಈ ಕುರ್ಚಿಯವನಿಗೆ ಎಂತ ಸುಖ ಆಯಿತು? ನಮಗೆ ಯಾರು ಏನು ಮಾಡಿದ್ದರೋ ಅದನ್ನೇ ನಾವು ಮುಂದಿನವರಿಗೆ ದಾಟಿಸುತ್ತಿದ್ದೇವೆ. ಅಷ್ಟೇ ಆದದ್ದು.

ಒಂದು ಲೆಕ್ಕ ಮಾಡೋಣ, ಅದು ನನ್ನ ಕಸುಬು. ವಿಸಿಟ್ ವೀಸಾ 60 ದಿನ. ಶನಿವಾರ, ಭಾನುವಾರ ಕಳೆದರೆ ಆಫೀಸುಗಳು ತೆರೆದಿರುವುದು ಸುಮಾರು 43 ದಿನ. ಶುರುವಿನ ಒಂದು ವಾರ ಸಿಮ್, ನೋಲ್ ಕಾರ್ಡ್, ಸಿ.ವಿ. ಪ್ರಿಂಟ್, ದಾರಿ ಪರಿಚಯ ಅಂತ ಹೋಗುತ್ತದೆ. ಉಳಿದದ್ದು 38. ಇದರಲ್ಲಿ ಒಬ್ಬರು "ನೆಕ್ಸ್ಟ್ ವೀಕ್ ಹೇಳ್ತೇವೆ" ಅಂದು, ಅದನ್ನು ನಂಬಿ ಅವನು ಬೇರೆ ಕಡೆ ಕಾಲು ಹಿಂದೆ ಇಟ್ಟರೆ 5 ದಿನ ಹೋಯಿತು. ಮೂವರು ಹಾಗೆ ಅಂದರೆ 15 ದಿನ. ವೀಸಾ ಅವಧಿ ದಾಟಿದರೆ ದಿನಕ್ಕೆ 50 ದಿರ್ಹಂ ದಂಡ. 10 ದಿನಕ್ಕೆ 500. ಇದರ ಹಿಂದೆ ಟಿಕೆಟ್ ಉಂಟು, ವೀಸಾ ಖರ್ಚು ಉಂಟು, ಬೆಡ್ ಸ್ಪೇಸ್ ಬಾಡಿಗೆ, ಮೆಸ್ಸಿನ ದುಡ್ಡು ಉಂಟು. ಎಷ್ಟೋ ಮನೆಯಲ್ಲಿ ಇದಕ್ಕೆಲ್ಲ ಉಮ್ಮನ ಬಳೆ ಅಡವಿಗೆ ಹೋಗಿರುತ್ತದೆ. ರಿಸೆಪ್ಷನ್‌ನಲ್ಲಿ ಫೈಲ್ ಹಿಡಿದು ಕೂತವನನ್ನು ನೋಡುವಾಗ ನಮಗೆ ಆ ಬಳೆ ಕಾಣುವುದಿಲ್ಲ.

ನಾವು ಅಕೌಂಟ್ಸ್‌ನವರು ಬಿಲ್ ಕೈಗೆ ಬರದಿದ್ದರೂ ಕೊಡಬೇಕಾದದ್ದನ್ನು ಬಾಕಿ ಅಂತ ಬರೆದಿಡುತ್ತೇವೆ. "ತಿಳಿಸ್ತೇವೆ" ಎಂಬುದು ಕೂಡ ಒಂದು ಬಾಕಿಯೇ. ನಾವು ಅದನ್ನು ಯಾವ ಪುಸ್ತಕದಲ್ಲೂ ಬರೆಯುವುದಿಲ್ಲ, ಹಾಗಾಗಿ ತೀರಿಸುವುದೂ ಇಲ್ಲ.

ಇಂಟರ್ವ್ಯೂ ಹೆಸರಲ್ಲಿ ನಡೆಯುವುದು

ಮೊದಲನೆಯದು ಸಂಬಳವನ್ನು ಮುಚ್ಚಿಡುವುದು. ಜಾಹೀರಾತಿನಲ್ಲಿ "ಆಕರ್ಷಕ ವೇತನ" ಅಂತ ಇರುತ್ತದೆ. ಇಂಟರ್ವ್ಯೂನಲ್ಲಿ "ನಿಮ್ಮ ನಿರೀಕ್ಷೆ ಎಷ್ಟು?" ಅಂತ ಕೇಳುತ್ತೇವೆ. ನಮ್ಮ ಬಜೆಟ್ 3,000 ಇರುತ್ತದೆ. ಹುಡುಗ ಹೆದರಿ 2,200 ಅನ್ನುತ್ತಾನೆ. ನಾವು 2,200ಕ್ಕೆ ಮುಗಿಸಿ, 800 ಉಳಿಸಿದೆ ಅಂತ ಮುದಲಾಳಿಗೆ ಹೇಳಿ ಭೇಷ್ ಅನ್ನಿಸಿಕೊಳ್ಳುತ್ತೇವೆ. ಯಾರ ಹೊಟ್ಟೆಯಿಂದ ಉಳಿಸಿದ್ದು?

ಬೇಸಿಕ್ ಎಷ್ಟು, ಅಲವೆನ್ಸ್ ಎಷ್ಟು ಅಂತ ಬಿಡಿಸಿ ಹೇಳುವುದೂ ಇಲ್ಲ. ಗ್ರ್ಯಾಚುಟಿ ಲೆಕ್ಕ ಹಾಕುವುದು ಬೇಸಿಕ್ ಮೇಲೆ. ಮೊದಲ 5 ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್. ಇಬ್ಬರಿಗೂ ಒಟ್ಟು ಸಂಬಳ 3,000 ಅಂತ ಇಟ್ಟುಕೊಳ್ಳಿ. ಒಬ್ಬನ ಬೇಸಿಕ್ 1,800, ಇನ್ನೊಬ್ಬನದು 1,200. 5 ವರ್ಷ ಕಳೆದು ಹೋಗುವಾಗ ಮೊದಲಿನವನಿಗೆ 6,300 ದಿರ್ಹಂ, ಎರಡನೆಯವನಿಗೆ 4,200. ಇಂಟರ್ವ್ಯೂ ದಿನ ಯಾರೂ ಹೇಳದ ಒಂದು ವಾಕ್ಯಕ್ಕೆ 2,100 ದಿರ್ಹಂ ಹೋಯಿತು.

ಎರಡನೆಯದು, ಕೆಲಸಕ್ಕೆ ಸಂಬಂಧ ಇಲ್ಲದ ಪ್ರಶ್ನೆಗಳು. ಊರು ಯಾವುದು ಅಂತ ಕೇಳುವುದು ಪ್ರೀತಿಯಿಂದ ಆದರೆ ಸರಿ. ಆದರೆ ಅಲ್ಲಿಂದ ಮುಂದೆ ಯಾರ ಮಗ, ಯಾವ ಜಮಾಅತ್, ಊರಲ್ಲಿ ಯಾವ ಸಂಘಟನೆಯಲ್ಲಿ ಇದ್ದೀ ಅಂತ ವಿಚಾರಣೆ ಶುರುವಾಗುತ್ತದೆ. ವೌಚರ್ ಎಂಟ್ರಿ ಮಾಡಲಿಕ್ಕೆ ಅವನು ಯಾವ ಸಂಘಟನೆ ಅಂತ ಎಂತಕ್ಕೆ ಬೇಕು? ಮಂಗಳೂರಿನಲ್ಲಿ ಎಂ.ಕಾಂ. ಮುಗಿಸಿ ಬಂದ ನಮ್ಮ ಹೆಣ್ಣುಮಕ್ಕಳನ್ನು "ಮಕ್ಕಳು ಯಾವಾಗ?" ಅಂತ ಕೇಳುವವರೂ ಉಂಟು. ಇದೇ ಪ್ರಶ್ನೆಯನ್ನು ಅವಳ ಗಂಡನ ಹತ್ತಿರ ಯಾರೂ ಕೇಳಿಲ್ಲ. ಈ ದೇಶದ ಕಾರ್ಮಿಕ ಕಾನೂನು, ಅಂದರೆ 2021ರ 33ನೇ ಕಾನೂನು, ತನ್ನ 4ನೇ ವಿಧಿಯಲ್ಲಿ ಜನಾಂಗ, ಬಣ್ಣ, ಲಿಂಗ, ಧರ್ಮ, ದೇಶ, ಸಾಮಾಜಿಕ ಮೂಲ, ಅಂಗವೈಕಲ್ಯ ನೋಡಿ ತಾರತಮ್ಯ ಮಾಡಬಾರದು ಅನ್ನುತ್ತದೆ. ಊರಲ್ಲಿ ನಮ್ಮ ಹೆಸರು ನೋಡಿ ಬಾಡಿಗೆ ಮನೆ ಕೊಡದವರ ಬಗ್ಗೆ ನಾವು ಎಷ್ಟು ನೊಂದು ಮಾತಾಡುತ್ತೇವೆ! ಅದೇ ನಾವು ಇಲ್ಲಿ ನಮ್ಮವರನ್ನೇ ಸೋಸುತ್ತೇವೆ.

ಮೂರನೆಯದು "ಟ್ರಯಲ್". ಇದು ಅಂಗಡಿ, ಕೆಫೆಟೇರಿಯಾಗಳಲ್ಲಿ ಹೆಚ್ಚು. "ಒಂದು 10 ದಿನ ನಿಂತು ನೋಡು, ಆಮೇಲೆ ವೀಸಾ ವಿಷಯ ಮಾತಾಡುವ." ಹುಡುಗ 10 ದಿನ ಬೆಳಿಗ್ಗೆಯಿಂದ ರಾತ್ರಿ ತನಕ ಕೆಲಸ ಮಾಡುತ್ತಾನೆ, ಊಟ ಸಿಗುತ್ತದೆ, ಸಂಬಳ ಇಲ್ಲ. 11ನೇ ದಿನ "ನಿನಗೆ ಸ್ಪೀಡ್ ಸಾಲದು" ಅಂತ ಕಳಿಸಿ, ಮರುದಿನ ಇನ್ನೊಬ್ಬನನ್ನು ನಿಲ್ಲಿಸುತ್ತಾರೆ. ಇದನ್ನು ಇಂಟರ್ವ್ಯೂ ಅನ್ನುವುದಾದರೆ ಜೇಬುಗಳ್ಳತನವನ್ನು ವ್ಯಾಪಾರ ಅನ್ನಬೇಕು. ಇನ್ನು ಕಾನೂನು: ವರ್ಕ್ ಪರ್ಮಿಟ್ ಇಲ್ಲದೆ ವಿಸಿಟ್ ವೀಸಾದವನನ್ನು ಕೆಲಸಕ್ಕೆ ಹಚ್ಚಿದರೆ ಮಾಲಕನಿಗೆ ದಂಡ. 2024ರ ತಿದ್ದುಪಡಿ ಆದ ಮೇಲೆ ಅದು 1 ಲಕ್ಷ ದಿರ್ಹಮಿನಿಂದ 10 ಲಕ್ಷ ದಿರ್ಹಂ ವರೆಗೆ. 10 ದಿನದ ಪುಕ್ಕಟೆ ಚಾಕರಿಗೆ ಅಂಗಡಿಯನ್ನೇ ಪಣ ಇಡುವವರನ್ನು ಬುದ್ಧಿವಂತ ವ್ಯಾಪಾರಿ ಅನ್ನಲಿಕ್ಕೆ ನನ್ನಿಂದ ಆಗುವುದಿಲ್ಲ.

ನಾಲ್ಕನೆಯದು, ಹಣ ಮತ್ತು ಪಾಸ್‌ಪೋರ್ಟ್. "ವೀಸಾ ಖರ್ಚು ಸ್ವಲ್ಪ ನೀನು ಹಾಕು", "ನಂಬಿಕೆಗೆ ಪಾಸ್‌ಪೋರ್ಟ್ ಇಲ್ಲಿರಲಿ." ಅದೇ ಕಾನೂನಿನ 6ನೇ ವಿಧಿ ಪ್ರಕಾರ ನೇಮಕಾತಿಯ ಖರ್ಚನ್ನು ಕೆಲಸಗಾರನಿಂದ ನೇರವಾಗಿಯೂ ಸುತ್ತುದಾರಿಯಲ್ಲಿಯೂ ವಸೂಲಿ ಮಾಡುವಂತಿಲ್ಲ. ಪಾಸ್‌ಪೋರ್ಟ್ ಇಟ್ಟುಕೊಳ್ಳುವಂತೆಯೂ ಇಲ್ಲ. ನಂಬಿಕೆ ಬೇಕಾದರೆ ಎರಡು ಕಡೆಯಿಂದ ಬೇಕು. ಹುಡುಗನ ಪಾಸ್‌ಪೋರ್ಟ್ ನಾವು ಇಟ್ಟುಕೊಂಡರೆ, ನಮ್ಮ ಟ್ರೇಡ್ ಲೈಸೆನ್ಸ್ ಅವನ ತಲೆದಿಂಬಿನ ಅಡಿಯಲ್ಲಿ ಇಡುತ್ತೇವಾ?

ಊರಿನ ಕಥೆಯೂ ಬೇರೆ ಅಲ್ಲ. ಮಂಗಳೂರಿನಲ್ಲೋ ಮುಂಬೈಯಲ್ಲೋ ಹೋಟೆಲ್ ಹಾಲಿನಲ್ಲಿ ವಾಕ್-ಇನ್ ಇಂಟರ್ವ್ಯೂ ಅಂತ ಕರೆದು, ರಾತ್ರಿ ಬಸ್ಸಿನಲ್ಲಿ ಬಂದ ಹುಡುಗರನ್ನು ಮೆಟ್ಟಿಲ ಮೇಲೆ ನಿಲ್ಲಿಸಿ, ತಲಾ 2 ನಿಮಿಷ ನೋಡಿ ಕಳಿಸುತ್ತಾರೆ. ಮನೆಯವರು ಇದೊಂದು ಓದಿಕೊಳ್ಳಿ. ಭಾರತದಲ್ಲಿ ವಿದೇಶಕ್ಕೆ ಜನ ಕಳಿಸುವ ಏಜೆಂಟ್ 1983ರ ವಲಸೆ ಕಾಯಿದೆಯಡಿ ನೋಂದಣಿ ಆಗಿರಬೇಕು. ಅವನು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕಕ್ಕೆ ಮಿತಿ 30,000 ರೂಪಾಯಿ. 18% ಜಿಎಸ್‌ಟಿ ಸೇರಿದರೆ 35,400. ಅದಕ್ಕೆ ರಶೀದಿ ಕೊಡಬೇಕು. ಏಜೆಂಟ್ ನೋಂದಣಿ ಆಗಿದ್ದಾನಾ ಅಂತ ಸರಕಾರದ ಇ-ಮೈಗ್ರೇಟ್ ತಾಣದಲ್ಲಿ ಯಾರೂ ನೋಡಬಹುದು. ಲಕ್ಷ ಕೇಳಿ, ರಶೀದಿ ಕೇಳಿದರೆ ಮುಖ ತಿರುಗಿಸುವವನ ಇಂಟರ್ವ್ಯೂಗೆ ಮಗನನ್ನು ಕಳಿಸಬೇಡಿ. ಅವನು ಮಸೀದಿಯಲ್ಲಿ ಮೊದಲ ಸಫಿನಲ್ಲಿ ನಿಲ್ಲುವವನಾದರೂ ಸರಿ.

"ನಮಗೆ ಯಾರು ಚಾ ಕೊಟ್ಟಿದ್ದರು?"

ಈ ವಿಷಯ ಗೆಳೆಯರ ಹತ್ತಿರ ಎತ್ತಿದಾಗ ನಾಲ್ಕು ಉತ್ತರ ಸಿಕ್ಕಿತು.

ಒಂದು: "ನಾವು ಬರುವಾಗ ನಮಗೆ ಯಾರು ಚಾ ಕೊಟ್ಟಿದ್ದರು? ಬಿಸಿಲಲ್ಲಿ ನಿಂತೇ ನಾವು ಕಲಿತದ್ದು." ನಾನೂ ನಿಂತಿದ್ದೇನೆ. ಎಂತ ಕಲಿತೆ ಅಂತ ಕೇಳಿದರೆ, ಬಿಸಿಲಲ್ಲಿ ನಿಂತರೆ ತಲೆ ತಿರುಗುತ್ತದೆ ಅಂತ ಕಲಿತೆ. ಅದರಿಂದ ನನ್ನ ಅಕೌಂಟಿಂಗ್ ಏನೂ ಸುಧಾರಿಸಲಿಲ್ಲ. ನಮ್ಮ ಮಕ್ಕಳಿಗೆ ನಾವು ಪಟ್ಟ ಕಷ್ಟ ಬೇಡ ಅಂತ ದುವಾ ಮಾಡುವವರು, ಬೇರೆಯವರ ಮಕ್ಕಳಿಗೆ ಅದೇ ಕಷ್ಟ ಪಾಠ ಅನ್ನುವುದು ಯಾವ ನ್ಯಾಯ?

ಎರಡು: "ಒಂದು ಕೆಲಸಕ್ಕೆ 300 ಸಿ.ವಿ. ಬರುತ್ತದೆ ಮಾರಾಯ್ರೆ, ಎಲ್ಲರಿಗೂ ಉತ್ತರ ಕೊಡಲಿಕ್ಕಾಗುತ್ತದಾ?" ಸಿ.ವಿ. ಕಳಿಸಿದ 300 ಮಂದಿಯ ಮಾತು ನಾನು ಆಡುತ್ತಿಲ್ಲ. ಮುಖ ನೋಡಿ, ಕೈ ಕುಲುಕಿ, "ತಿಳಿಸ್ತೇವೆ" ಅಂತ ನಾಲಿಗೆಯಲ್ಲಿ ಹೇಳಿದ ಆ ಎಂಟು ಹತ್ತು ಮಂದಿಯ ಮಾತು ಆಡುತ್ತಿದ್ದೇನೆ. ಬೆಳಿಗ್ಗೆ ಎದ್ದು 40 ಗ್ರೂಪಿಗೆ ಗುಡ್ ಮಾರ್ನಿಂಗ್ ಕಳಿಸುವ ಕೈಗೆ 10 ಮೆಸೇಜ್ ಭಾರ ಆಗುವುದಿಲ್ಲ.

ಮೂರು: "ಸಂಬಳ ಮೊದಲೇ ಹೇಳಿದರೆ ಬೇರೆ ಸ್ಟಾಫ್ ಗಲಾಟೆ ಮಾಡ್ತಾರೆ." ಹೌದು, ಮಾಡಬಹುದು. ಒಂದೇ ಕೆಲಸಕ್ಕೆ ಇಬ್ಬರಿಗೆ ಬೇರೆ ಬೇರೆ ಸಂಬಳ ಕೊಡುತ್ತಿದ್ದರೆ ಆ ಗಲಾಟೆ ನ್ಯಾಯವಾದದ್ದೇ.

ನಾಲ್ಕು: "ಹುಡುಗರೂ ಸುಳ್ಳು ಹೇಳ್ತಾರೆ. 3 ವರ್ಷದ ಎಕ್ಸ್‌ಪೀರಿಯನ್ಸ್ ಅಂತ ಸರ್ಟಿಫಿಕೇಟ್ ಮಾಡಿಸಿಕೊಂಡು ಬರ್ತಾರೆ. ಬರ್ತೇನೆ ಅಂದು ಬರುವುದಿಲ್ಲ, ಫೋನ್ ತೆಗೆಯುವುದಿಲ್ಲ." ಇದು ಸತ್ಯ, ನಾನು ಒಪ್ಪುತ್ತೇನೆ. ಕೆಲಸ ಹುಡುಕುವ ತಮ್ಮಂದಿರಿಗೂ ಹೇಳುತ್ತೇನೆ: ಸುಳ್ಳು ಸರ್ಟಿಫಿಕೇಟ್ ತರಬೇಡಿ. ಬರಲಿಕ್ಕೆ ಆಗದಿದ್ದರೆ ಒಂದು ಫೋನ್ ಮಾಡಿ. ನಿಮ್ಮಲ್ಲಿ ಒಬ್ಬನ ಸುಳ್ಳಿನಿಂದ ನಿಮ್ಮ ಹಿಂದೆ ಬರುವ ಹತ್ತು ಮಂದಿಯ ಸತ್ಯಕ್ಕೆ ಬೆಲೆ ಹೋಗುತ್ತದೆ. ಆದರೆ ಹಿರಿಯರೇ, ಒಂದು ವ್ಯತ್ಯಾಸ ಉಂಟು. ಅವನು ಬಾರದಿದ್ದರೆ ನಮಗೆ ಹೋಗುವುದು ಅರ್ಧ ಗಂಟೆ. ನಾವು ತಿಳಿಸದಿದ್ದರೆ ಅವನಿಗೆ ಹೋಗುವುದು ಊರಿಗೆ ವಾಪಸ್ ಟಿಕೆಟ್.

ಮದ್ಯನಿನ ಬಾವಿಕಟ್ಟೆ

ಕೂಲಿಕಾರನ ಬೆವರು ಆರುವ ವಿಷಯದ ಹದೀಸನ್ನು ನಾವು ಪ್ರತಿ ಸಮಾರಂಭದ ಸ್ಟೇಜಿನಲ್ಲಿ ಕೇಳುತ್ತೇವೆ. ಅದು ಕೆಲಸ ಸಿಕ್ಕಿದವನ ಮಾತು. ಕೆಲಸ ಕೇಳಿಕೊಂಡು ಬಂದವನ ಮಾತು ಎಲ್ಲಿದೆ? ಅದಕ್ಕೆ ಕುರ್‌ಆನಿನ ಅಲ್ ಕಸಸ್ ಸೂರಾದಲ್ಲಿ ಮೂಸಾ (ಅ) ಅವರು ಮದ್ಯನಿಗೆ ಬಂದ ಕಥೆಯನ್ನು ಇನ್ನೊಮ್ಮೆ ಓದಬೇಕು. ಊರು ಬಿಟ್ಟು, ಕೈಯಲ್ಲಿ ಏನೂ ಇಲ್ಲದೆ, ಗುರುತಿಲ್ಲದ ನಾಡಿಗೆ ಬಂದ ಒಬ್ಬ ಯುವಕ. ಬಾವಿಯ ಹತ್ತಿರ ಇಬ್ಬರು ಹೆಣ್ಣುಮಕ್ಕಳ ಆಡುಗಳಿಗೆ ನೀರು ಕುಡಿಸಿ, ನೆರಳಿಗೆ ಹೋಗಿ ಕೂತು ದುವಾ ಮಾಡುತ್ತಾರೆ. ಆ ಹೆಣ್ಣುಮಕ್ಕಳ ತಂದೆ ಅವರನ್ನು ಕರೆಸುತ್ತಾರೆ. ಅಲ್ಲಿ ಏನು ನಡೆಯಿತು, ಕ್ರಮವಾಗಿ ನೋಡಿ.

ಕರೆಸಿದ್ದೇ ಮಾಡಿದ ಕೆಲಸಕ್ಕೆ ಪ್ರತಿಫಲ ಕೊಡಲಿಕ್ಕೆ. ಕೇಳದೆ ಮಾಡಿದ ಕೆಲಸ ಅದು. ಆದರೂ ಪುಕ್ಕಟೆ ಟ್ರಯಲ್ ಅಂತ ಲೆಕ್ಕ ಹಾಕಲಿಲ್ಲ. ಆಮೇಲೆ ಅವರ ಕಥೆಯನ್ನು ಪೂರ್ತಿ ಕೇಳಿದರು, ಹೆದರಬೇಡ ಅಂತ ಧೈರ್ಯ ಹೇಳಿದರು. ಕೆಲಸಕ್ಕೆ ಇಟ್ಟುಕೊಳ್ಳೋಣ ಅಂತ ಮಗಳು ಹೇಳುವಾಗ ನೋಡಿದ ಅರ್ಹತೆ ಎರಡೇ: ಶಕ್ತಿ ಮತ್ತು ಪ್ರಾಮಾಣಿಕತೆ. ಕೊನೆಗೆ ಷರತ್ತುಗಳನ್ನು ಬಾಯಿಬಿಟ್ಟು ಹೇಳಿದರು. 8 ವರ್ಷ ಕಡ್ಡಾಯ, 10 ಪೂರ್ತಿ ಮಾಡುವುದು ನಿನ್ನ ಇಷ್ಟ. ನಿನಗೆ ಕಷ್ಟ ಕೊಡುವ ಉದ್ದೇಶ ಇಲ್ಲ ಅಂತಲೂ ಸೇರಿಸಿದರು. ಮೂಸಾ (ಅ) ಅದನ್ನು ಒಪ್ಪಿ, ಎರಡರಲ್ಲಿ ಯಾವ ಅವಧಿ ಮುಗಿಸಿದರೂ ತನ್ನ ಮೇಲೆ ತಪ್ಪು ಬರಬಾರದು ಅಂತ ತನ್ನ ಕಡೆಯ ಮಾತನ್ನೂ ಹೇಳಿದರು. ಅಂದರೆ ಕೆಲಸ ಕೇಳುವವನಿಗೂ ಅಲ್ಲಿ ಬಾಯಿ ಇತ್ತು.

ಇಷ್ಟು ಚೆಂದದ ಇಂಟರ್ವ್ಯೂ ನಮ್ಮ ಗ್ರಂಥದಲ್ಲೇ ಇರುವಾಗ, ನಮ್ಮ ಆಫೀಸುಗಳಲ್ಲಿ ಯಾಕೆ ಇಲ್ಲ?

ಮಾಡಬೇಕಾದದ್ದು

ನಮ್ಮ ಸಂಘದಲ್ಲಿ ಮಾಲಕರಿದ್ದಾರೆ, ಮ್ಯಾನೇಜರುಗಳಿದ್ದಾರೆ. ಅವರಿಗೆ ನೇರವಾಗಿ ಐದು ಮಾತು. ಇದಕ್ಕೆ ದೊಡ್ಡ ಖರ್ಚಿಲ್ಲ.

ಸಂಬಳ ಇಷ್ಟರಿಂದ ಇಷ್ಟು, ಬೇಸಿಕ್ ಇಷ್ಟು, ಡ್ಯೂಟಿ ಇಷ್ಟು ಗಂಟೆ, ರೂಮು ಉಂಟಾ ಇಲ್ಲವಾ ಅಂತ ಕರೆಯುವ ಮೊದಲೇ ಮೆಸೇಜಿನಲ್ಲಿ ತಿಳಿಸಿ. ಆಗದವನು ಬಸ್ಸಿನ ದುಡ್ಡು ಉಳಿಸಿಕೊಳ್ಳುತ್ತಾನೆ. ಪ್ರತಿಯೊಬ್ಬನಿಗೆ ಬೇರೆ ಬೇರೆ ಸಮಯ ಕೊಡಿ, ತಡ ಆದರೆ ಹೊರಗೆ ಬಂದು ಹೇಳಿ. ಕೆಲಸಕ್ಕೆ ಬೇಕಾದದ್ದನ್ನು ಮಾತ್ರ ಕೇಳಿ. ಅಕೌಂಟ್ಸ್‌ನವನಿಗೆ ಹತ್ತು ವೌಚರ್ ಕೊಟ್ಟು ಅರ್ಧ ಗಂಟೆ ಟ್ಯಾಲಿಯಲ್ಲಿ ಕೂರಿಸಿ. ಇಂಗ್ಲಿಷ್ ತಡವರಿಸಿದರೆ ಬ್ಯಾರಿಯಲ್ಲೋ ಕನ್ನಡದಲ್ಲೋ ಒಂದು ಪ್ರಶ್ನೆ ಕೇಳಿ ನೋಡಿ, ಅದೇ ಹುಡುಗ ಹೇಗೆ ಬಾಯಿ ಬಿಡುತ್ತಾನೆ ಅಂತ ಗೊತ್ತಾಗುತ್ತದೆ. ಆಯ್ಕೆ ಮೊದಲೇ ಆಗಿದ್ದರೆ ಫೈಲ್ ತುಂಬಿಸಲು ಯಾರನ್ನೂ ಕರೆಸಬೇಡಿ. 7 ದಿನದ ಒಳಗೆ ಹೌದು ಅಥವಾ ಇಲ್ಲ ಹೇಳಿ. "ಇಲ್ಲ" ಕೂಡ ಒಂದು ಉಪಕಾರ. ಅದು ಸಿಕ್ಕಿದವನು ಮರುದಿನ ಬೇರೆ ಬಾಗಿಲು ತಟ್ಟುತ್ತಾನೆ.

ಸಂಘಕ್ಕೂ ಎರಡು ಮಾತು. ಕ್ರಿಕೆಟ್ ಟೂರ್ನಮೆಂಟಿಗೆ, ಇಫ್ತಾರ್ ಕೂಟಕ್ಕೆ ಹಾಲ್ ಬುಕ್ ಮಾಡುವ ನಾವು, ತಿಂಗಳಿಗೊಂದು ರಜಾ ದಿನ ಸಂಜೆ ಹೊಸದಾಗಿ ಬಂದವರಿಗೆ ಇಂಟರ್ವ್ಯೂ ಅಭ್ಯಾಸ ಮಾಡಿಸಲಿಕ್ಕೆ ಒಂದು ರೂಮು ಕೊಡೋಣ. ಅದೇ ದಿನ ಆಫರ್ ಲೆಟರ್ ಓದಿ ಹೇಳುವವರು ಒಬ್ಬರು ಅಲ್ಲಿ ಕೂರಲಿ. ಇಲ್ಲಿನ ಕಾರ್ಮಿಕ ಸಚಿವಾಲಯದ ಆಫರ್ ಲೆಟರ್ ಅರಬಿ, ಇಂಗ್ಲಿಷ್ ಜೊತೆ ಹಿಂದಿ, ಉರ್ದು, ಮಲಯಾಳಂ, ತಮಿಳಿನಲ್ಲೂ ಸಿಗುತ್ತದೆ, ಕನ್ನಡದಲ್ಲಿ ಇಲ್ಲ. ಹಾಗಾದರೆ ಆ ಕಾಗದದ ಕನ್ನಡ ನಾವೇ ಆಗಬೇಕಲ್ಲ? ಸಹಿ ಹಾಕುವ ಮೊದಲು ಬೇಸಿಕ್ ಎಷ್ಟು, ಪ್ರೊಬೇಷನ್ ಎಷ್ಟು ತಿಂಗಳು (6 ತಿಂಗಳಿಗಿಂತ ಹೆಚ್ಚು ಇರುವಂತಿಲ್ಲ), ಹುದ್ದೆಯ ಹೆಸರು ಏನು ಅಂತ ಹತ್ತು ನಿಮಿಷದಲ್ಲಿ ವಿವರಿಸಿದರೆ ಎಷ್ಟೋ ಮಂದಿಯ ಎರಡು ವರ್ಷ ಉಳಿಯುತ್ತದೆ.

ನಮ್ಮ ಆಫೀಸಿನಲ್ಲಿ ಈ ವರ್ಷ ಮತ್ತೆ ಒಂದು ಹುದ್ದೆಗೆ ಇಂಟರ್ವ್ಯೂ ಆಯಿತು. ಮ್ಯಾನೇಜರ್ ಹತ್ತಿರ ಸ್ವಲ್ಪ ವಾದ ಮಾಡಿ ಸಂಬಳ ಮೊದಲೇ ತಿಳಿಸಿದೆವು, ಸಮಯ ಬೇರೆ ಬೇರೆ ಕೊಟ್ಟೆವು. 9 ಮಂದಿ ಬಂದರು. ಒಬ್ಬರನ್ನು ತೆಗೆದುಕೊಂಡೆವು. ಉಳಿದ 8 ಮಂದಿಗೆ ನಾಲ್ಕನೇ ದಿನ ನಾನೇ ಮೆಸೇಜ್ ಮಾಡಿದೆ. ಒಟ್ಟು 20 ನಿಮಿಷ ಹಿಡಿಯಿತು. 6 ಮಂದಿ "ತಿಳಿಸಿದ್ದಕ್ಕೆ ಥ್ಯಾಂಕ್ಸ್ ಸರ್" ಅಂತ ಉತ್ತರ ಕೊಟ್ಟರು. ಕೆಲಸ ಇಲ್ಲ ಅಂತ ಹೇಳಿದ್ದಕ್ಕೆ ಥ್ಯಾಂಕ್ಸ್! ಅಷ್ಟು ಕಡಿಮೆ ಮರ್ಯಾದೆಗೆ ನಾವು ಅವರನ್ನು ಒಗ್ಗಿಸಿಬಿಟ್ಟಿದ್ದೇವೆ.

ವಿಟ್ಲದ ಆ ಹುಡುಗನ ನಂಬರ್ ಆ ಫೈಲಿನಲ್ಲಿ ಇನ್ನೂ ಇತ್ತು. ಈ ಸಲದ ಹುದ್ದೆಗೆ ಮೊದಲು ಫೋನ್ ಮಾಡಿದ್ದು ಅವನಿಗೇ. ಊರಲ್ಲೇ ಕೆಲಸ ಸಿಕ್ಕಿದೆ, ಇನ್ನು ಗಲ್ಫಿಗೆ ಬರುವ ಮನಸ್ಸಿಲ್ಲ ಅಂದ. ನಾನು ಮಾಫ್ ಕೇಳಿದೆ. "ಅದೆಲ್ಲ ಬಿಡಿ ಸರ್" ಅಂದ. ಅವನು ಬಿಟ್ಟಿರಬಹುದು. ಲೆಕ್ಕ ಬರೆಯುವವನಾಗಿ ನಾನು ಬಿಡುವ ಹಾಗಿಲ್ಲ. ಮುಂದಿನ ತಿಂಗಳು ನಿಮ್ಮ ಆಫೀಸಿಗೆ, ನಿಮ್ಮ ಅಂಗಡಿಗೆ ಒಬ್ಬ ಹುಡುಗ ಫೈಲ್ ಹಿಡಿದುಕೊಂಡು ಬರುತ್ತಾನೆ. ಅವನಿಗೆ "ತಿಳಿಸ್ತೇವೆ" ಅನ್ನುವುದಾದರೆ ತಿಳಿಸಿ. ಇಲ್ಲದಿದ್ದರೆ ಆ ಮಾತು ಹೇಳಬೇಡಿ.